ಗಂಡು ಮೆದುಳು, ಹೆಣ್ಣು ಮೆದುಳು: ಎಲ್ಲವೂ ಹಾರ್ಮೋನಿನ ಕೆಲಸವಾ?

ಸುಂಟಿಕೊಪ್ಪ ಹೈನುಗಾರ:
ನಮ್ಮ ಹಸು ಅವಳಿ ಕರು ಹಾಕಿದೆ. ಒಂದು ಹೋರಿ, ಒಂದು ಹೆಣ್ಣು. ಹೆಣ್ಣು ಕರು ಗಟ್ಟಿಮುಟ್ಟಾಗಿದೆ, ಚೆನ್ನಾಗಿ ಹಾಲು ಕುಡಿಯುತ್ತದೆ. ಆದರೆ ಪಶು ಡಾಕ್ಟ್ರು ನೋಡಿ, ಹೋರಿ ಜೊತೆ ಹುಟ್ಟಿದೆಯಲ್ಲ, ಇದು ಮುಂದೆ ಗಬ್ಬ ನಿಲ್ಲುವುದು ಕಷ್ಟ ಅಂದರು. ಹೊಟ್ಟೆಯೊಳಗೇ ಹೋರಿಯ ಹಾರ್ಮೋನು ಇದಕ್ಕೂ ಹರಿದಿರುತ್ತದಂತೆ. ಅಂದಿನಿಂದ ನನಗೆ ಒಂದೇ ಯೋಚನೆ. ಗರ್ಭಕೋಶವನ್ನೇ ಕೆಡಿಸುವ ಹಾರ್ಮೋನು ಮೆದುಳನ್ನು ಸುಮ್ನೆ ಬಿಡುತ್ತದಾ? ಮನುಷ್ಯರಲ್ಲೂ ಹಾಗೇನಾ? ಗಂಡು ಮಕ್ಕಳ ಸ್ವಭಾವ ಹೀಗೆ, ಹೆಣ್ಣು ಮಕ್ಕಳದು ಹಾಗೆ ಅಂತ ಹೇಳುತ್ತಾರಲ್ಲ, ಅದೆಲ್ಲ ಹುಟ್ಟುವ ಮೊದಲೇ ಹಾರ್ಮೋನು ಬರೆದಿಟ್ಟದ್ದಾ? ಓದಿದವರು ಬಿಡಿಸಿ ಹೇಳಿ.

ಪೊನ್ನಂಪೇಟೆ ಮೇಷ್ಟ್ರು:
ನಿಮ್ಮ ಡಾಕ್ಟ್ರು ಹೇಳಿದ್ದು ಸರಿ. ಹೋರಿ ಜೊತೆ ಹುಟ್ಟಿದ ಹೆಣ್ಣು ಕರುಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಗೊಡ್ಡಾಗುತ್ತವೆ. ಹಸುವಿನ ಹೊಟ್ಟೆಯಲ್ಲಿ ಅವಳಿಗಳ ಮಾಸು ಒಂದಕ್ಕೊಂದು ಅಂಟಿ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡಿನ ರಕ್ತ ಹೆಣ್ಣಿಗೂ ಹೋಗುತ್ತದೆ. ಚಿಕಾಗೋದ ಫ್ರಾಂಕ್ ಲಿಲ್ಲಿ 1916ರಲ್ಲೇ ಇದನ್ನು ವಿವರಿಸಿದ್ದರು. ಇಲ್ಲಿ ಹೆಚ್ಚು ಹಾನಿ ಮಾಡುವುದು ಟೆಸ್ಟೋಸ್ಟೆರಾನ್ ಅಲ್ಲ, ಗಂಡು ಭ್ರೂಣದ ವೃಷಣದಿಂದ ಬರುವ ಇನ್ನೊಂದು ಹಾರ್ಮೋನು, ಆಂಟಿ ಮುಲ್ಲೇರಿಯನ್ ಹಾರ್ಮೋನ್. ಗರ್ಭಕೋಶವಾಗಬೇಕಿದ್ದ ನಾಳವನ್ನೇ ಅದು ಕರಗಿಸಿಬಿಡುತ್ತದೆ. ಕರು ಹಾಲು ಬಿಟ್ಟ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಉಳಿದ ಕೆಲವು ಗಬ್ಬ ಆಗುತ್ತವೆ, ಆದ್ದರಿಂದ ನೋಡದೆ ಮಾರಬೇಡಿ.

ಈಗ ಮೆದುಳಿನ ವಿಷಯ. 1959ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಫೀನಿಕ್ಸ್, ಗೋಯ್, ಜೆರಾಲ್, ಯಂಗ್ ಅಂತ ನಾಲ್ವರು ಗಿನಿಯಿಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಗಬ್ಬದ ಇಲಿಗಳಿಗೆ ಟೆಸ್ಟೋಸ್ಟೆರಾನ್ ಕೊಟ್ಟರು. ಹುಟ್ಟಿದ ಹೆಣ್ಣು ಮರಿಗಳು ದೊಡ್ಡವಾದ ಮೇಲೆ ಕೂಡುವ ಸಮಯದಲ್ಲಿ ಹೆಣ್ಣಿನ ಹಾಗೆ ನಡೆದುಕೊಳ್ಳುವುದು ಕಡಿಮೆಯಾಯಿತು, ಗಂಡಿನ ಹಾಗೆ ಮೇಲೇರುವುದು ಜಾಸ್ತಿಯಾಯಿತು. ಬೆಳೆದ ಹೆಣ್ಣಿಗೆ ಅದೇ ಹಾರ್ಮೋನು ಕೊಟ್ಟರೆ ಇಂಥ ಕಾಯಂ ಬದಲಾವಣೆ ಬರಲಿಲ್ಲ. ಅಂದರೆ ಹಾರ್ಮೋನಿಗೆ ಎರಡು ಕೆಲಸ. ಮೆದುಳು ಇನ್ನೂ ಕಟ್ಟಿಕೊಳ್ಳುತ್ತಿರುವಾಗ ಬಂದರೆ ಕಟ್ಟಣೆಯನ್ನೇ ಬದಲಿಸುತ್ತದೆ. ಕಟ್ಟಿದ ಮೇಲೆ ಬಂದರೆ ಇರುವುದನ್ನು ಎಬ್ಬಿಸುತ್ತದೆ, ಇಳಿದರೆ ಪರಿಣಾಮವೂ ಇಳಿಯುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಮಾತೆಲ್ಲ ಸುಲಭ.

ದುಬಾರೆ ಹತ್ತಿರದವನು:
ಎರಡನೇ ಕೆಲಸ ನಾವು ಕಣ್ಣಾರೆ ಕಾಣುವುದೇ. ಆನೆಗೆ ಮದ ಬಂದಾಗ ಟೆಸ್ಟೋಸ್ಟೆರಾನ್ ಹತ್ತಾರು ಪಟ್ಟು ಏರುತ್ತದಂತೆ. ದಿನವೂ ಸ್ನಾನ ಮಾಡಿಸುವ ಕಾವಾಡಿಯನ್ನೂ ಹತ್ತಿರ ಬಿಡುವುದಿಲ್ಲ. ಮದ ಇಳಿಯಿತೋ, ಮತ್ತೆ ಅದೇ ಸಾಧು ಆನೆ. ಆನೆಯ ಮೆದುಳು ಬದಲಾಗಿ ಕೂತಿಲ್ಲ ಅಂತಾಯಿತಲ್ವಾ ಮೇಷ್ಟ್ರೇ?

ಪೊನ್ನಂಪೇಟೆ ಮೇಷ್ಟ್ರು:
ಹೌದು, ಅದೇ. ಮದ ಬಂದು ಹೋಗುವಂಥದ್ದು. ಗರ್ಭದಲ್ಲಿ ಆದದ್ದು ಉಳಿಯುವಂಥದ್ದು.

ಉಳಿಯುವುದು ಹೇಗೆ ಅನ್ನುವುದಕ್ಕೆ ಇಲಿಯ ಮೆದುಳಿನಲ್ಲಿ ಒಳ್ಳೆಯ ಉದಾಹರಣೆ ಇದೆ. 1978ರಲ್ಲಿ ರೋಜರ್ ಗೋರ್ಸ್ಕಿ ಅವರ ತಂಡ ಇಲಿಯ ಹೈಪೊಥಲಾಮಸ್‌ನ (ಮೆದುಳಿನ ತಳದಲ್ಲಿರುವ ಒಂದು ಸಣ್ಣ ಭಾಗ) ಮುಂಭಾಗದಲ್ಲಿ ಜೀವಕೋಶಗಳ ಒಂದು ಸಣ್ಣ ಗುಂಪನ್ನು ತೋರಿಸಿತು. ಗಂಡಿನಲ್ಲಿ ಅದು ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು. ಹುಟ್ಟಿದ ಕೂಡಲೇ ಗಂಡು ಮರಿಯ ಬೀಜ ತೆಗೆದರೆ ಆ ಗುಂಪು ಸಣ್ಣದಾಗುತ್ತದೆ. ಹುಟ್ಟಿದ ಹೆಣ್ಣು ಮರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ದೊಡ್ಡದಾಗುತ್ತದೆ. ಎಲ್ಲ ಮರಿಗಳಲ್ಲೂ ಕೋಶಗಳು ಹುಟ್ಟುತ್ತವೆ, ಹಾರ್ಮೋನು ಸಿಗದ ಕಡೆ ಸಾಯುತ್ತವೆ.

ವಿಚಿತ್ರವೆಂದರೆ ಇಲಿಯಲ್ಲಿ ಈ ಕೆಲಸವನ್ನು ಮಾಡುವುದು ಕೊನೆಗೆ ಈಸ್ಟ್ರೊಜನ್. ನಾವು ಹೆಣ್ಣಿನ ಹಾರ್ಮೋನು ಅನ್ನುತ್ತೇವಲ್ಲ, ಅದೇ. ಮೆದುಳಿಗೆ ಹೋದ ಟೆಸ್ಟೋಸ್ಟೆರಾನನ್ನು ಅರೋಮಟೇಸ್ ಎಂಬ ಕಿಣ್ವ ಈಸ್ಟ್ರಡಯಾಲ್ ಅನ್ನುವ ಈಸ್ಟ್ರೊಜನ್ ಆಗಿ ಬದಲಿಸುತ್ತದೆ. ತಾಯಿಯ ಈಸ್ಟ್ರೊಜನ್ ಹೆಣ್ಣು ಮರಿಯ ಮೆದುಳಿಗೆ ಹೋಗದ ಹಾಗೆ ಆಲ್ಫಾ ಫೀಟೊಪ್ರೋಟೀನ್ ಅನ್ನುವ ಪ್ರೋಟೀನು ಅದನ್ನು ರಕ್ತದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಕೋಶಗಳ ಗುಂಪಿದೆ, ಅಂಡ ಬಿಡುಗಡೆಗೆ ಸೂಚನೆ ಕೊಡುವಂಥದ್ದು. ಅಲ್ಲಿ ಅದೇ ಈಸ್ಟ್ರಡಯಾಲ್ ಗಂಡಿನ ಕೋಶಗಳನ್ನು ಸಾಯಿಸುತ್ತದೆ. ಆದ್ದರಿಂದ ಆ ಗುಂಪು ಹೆಣ್ಣಿನಲ್ಲೇ ದೊಡ್ಡದು. ಒಂದೇ ಹಾರ್ಮೋನು ಒಂದು ಕಡೆ ಕೋಶ ಉಳಿಸುತ್ತದೆ, ಎರಡು ಹೆಜ್ಜೆ ಆಚೆ ಕೋಶ ತೆಗೆಯುತ್ತದೆ. ಹಾಗಿರುವಾಗ ಇಡೀ ಮೆದುಳೇ ಗಂಡಾಯಿತು, ಇಡೀ ಮೆದುಳೇ ಹೆಣ್ಣಾಯಿತು ಅನ್ನುವ ಮಾತಿಗೆ ಅರ್ಥ ಎಲ್ಲಿ?

ಮನುಷ್ಯರಲ್ಲಿ ದಾರಿ ಸ್ವಲ್ಪ ಬೇರೆ. ನಮ್ಮಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಾಗಿ ನೇರವಾಗಿಯೇ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ಇಲಿಯಲ್ಲಿ ಕಂಡದ್ದನ್ನೆಲ್ಲ ಮಗುವಿಗೆ ಹಚ್ಚಬಾರದು.

ಅಮ್ಮತ್ತಿ ಅಜ್ಜಿ:
ನನ್ನ ಮಗಳಿಗೆ ಒಂದು ಗಂಡು, ಒಂದು ಹೆಣ್ಣು ಅವಳಿ. ಇದನ್ನೆಲ್ಲ ಓದಿ ಎದೆ ಹೊಡೆದುಕೊಳ್ಳುತ್ತಿದೆ. ನಮ್ಮ ಮೊಮ್ಮಗಳಿಗೂ ಆ ಕರುವಿನ ಹಾಗೆ ಆಗುತ್ತದಾ?

ಪೊನ್ನಂಪೇಟೆ ಮೇಷ್ಟ್ರು:
ಇಲ್ಲ ಅಮ್ಮ, ಗಾಬರಿ ಬೇಡ. ಮನುಷ್ಯರಲ್ಲಿ ಗಂಡು ಹೆಣ್ಣು ಅವಳಿಗಳ ರಕ್ತನಾಳ ಹಾಗೆ ಕೂಡಿಕೊಳ್ಳುವುದು ತೀರಾ ಅಪರೂಪ. ಅಣ್ಣನ ಜೊತೆ ಹುಟ್ಟಿದ ಹೆಣ್ಣು ಮಕ್ಕಳು ಮುಂದೆ ತಾಯಂದಿರಾಗುತ್ತಲೇ ಇದ್ದಾರೆ. ಹಸುವಿನ ವಿಷಯ ಹಸುವಿಗೆ.

ವಿರಾಜಪೇಟೆ ಜೇನು:
ನಾನು ಜೇನು ಸಾಕುವವನು, ಒಂದು ಮಾತು ಕೇಳುತ್ತೇನೆ. ನೀವೆಲ್ಲ ಹಾರ್ಮೋನು ಹಾರ್ಮೋನು ಅನ್ನುತ್ತೀರಿ. ಜೇನಿನಲ್ಲಿ ವೃಷಣದಿಂದ ಟೆಸ್ಟೋಸ್ಟೆರಾನ್ ಬಂದು ಗಂಡಾಗುವುದಿಲ್ಲ. ರಾಣಿ ಫಲವಾಗದ ಮೊಟ್ಟೆ ಇಟ್ಟರೆ ಗಂಡು, ಫಲವಾದ ಮೊಟ್ಟೆ ಇಟ್ಟರೆ ಹೆಣ್ಣು. ಆದರೂ ಗಂಡು ನೊಣದ ಕಣ್ಣು ನೋಡಿ, ನೆತ್ತಿಯ ಮೇಲೆ ಎರಡೂ ಕೂಡುವಷ್ಟು ದೊಡ್ಡದು. ಆಕಾಶದಲ್ಲಿ ಹಾರುವ ರಾಣಿಯನ್ನು ಹುಡುಕಬೇಕಲ್ಲ. ನೋಟಕ್ಕೆ ಸಂಬಂಧಿಸಿದ ಮೆದುಳಿನ ಭಾಗವೂ ಹಾಗೇ ದೊಡ್ಡದಂತೆ. ಇದು ಯಾವ ಹಾರ್ಮೋನಿನ ಕೆಲಸ? ಇನ್ನೊಂದು, ಕೆಲಸಗಾರ ನೊಣವೂ ರಾಣಿಯೂ ಹೆಣ್ಣೇ, ಮೊಟ್ಟೆಯೂ ಒಂದೇ ಥರ. ಮರಿ ಇದ್ದಾಗ ತಿನ್ನಿಸಿದ್ದರಲ್ಲೇ ವ್ಯತ್ಯಾಸ.

ಪೊನ್ನಂಪೇಟೆ ಮೇಷ್ಟ್ರು:
ಇದೇ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ. ಕೀಟಗಳಲ್ಲಿ ಪ್ರತಿ ಜೀವಕೋಶವೂ ತನ್ನ ಜೀನ್ ನೋಡಿಕೊಂಡು ತಾನೇ ಗಂಡೋ ಹೆಣ್ಣೋ ಆಗುತ್ತದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಹಾರ್ಮೋನು ಮುಖ್ಯ ಅಂತ ಗೊತ್ತಾದ ಮೇಲೆ, ಜೀವಕೋಶದ ಈ ಸ್ವಂತ ಪಾತ್ರವನ್ನು ಎಷ್ಟೋ ವರ್ಷ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಗಂಡಿನ ವೈ ಕ್ರೋಮೊಸೋಮಿನಲ್ಲಿ ಎಸ್‌ಆರ್‌ವೈ ಅನ್ನುವ ಜೀನ್ 1990ರಲ್ಲಿ ಸಿಕ್ಕಿತು. ಅದು ವೃಷಣ ಮಾಡಿಸುತ್ತದೆ, ವೃಷಣ ಹಾರ್ಮೋನು ಕೊಡುತ್ತದೆ, ಹಾರ್ಮೋನು ಮೆದುಳು ಮಾಡುತ್ತದೆ, ಕಥೆ ಮುಗಿಯಿತು ಅಂತಲೇ ಬಹಳ ಜನ ನಂಬಿದ್ದರು.

ಆ ಕಥೆಗೆ ಪೆಟ್ಟು ಕೊಟ್ಟದ್ದು ಒಂದು ಹಕ್ಕಿ. ಜೀಬ್ರಾ ಫಿಂಚ್ ಅನ್ನುವ ಸಣ್ಣ ಹಕ್ಕಿಯಲ್ಲಿ ಹಾಡುವುದು ಗಂಡು ಮಾತ್ರ, ಹಾಡಿಗೆ ಬೇಕಾದ ಮೆದುಳಿನ ಭಾಗವೂ ಅದಕ್ಕೇ ದೊಡ್ಡದು. ಲಕ್ಷದಲ್ಲೊಂದು ಅನ್ನುವ ಹಾಗೆ ಒಂದು ಹಕ್ಕಿ ಸಿಕ್ಕಿತು. ಬಲ ಅರ್ಧ ಗಂಡು, ಎಡ ಅರ್ಧ ಹೆಣ್ಣು. ಗರಿಯ ಬಣ್ಣವೂ ನಡುವೆ ಗೆರೆ ಎಳೆದ ಹಾಗೆ ಬೇರೆ. ಆರ್ಥರ್ ಆರ್ನಾಲ್ಡ್ ಮತ್ತು ಜೊತೆಗಾರರು 2003ರಲ್ಲಿ ಅದರ ಮೆದುಳಿನ ವಿವರ ಪ್ರಕಟಿಸಿದರು. ಯೋಚನೆ ಮಾಡಿ, ಒಂದೇ ದೇಹ, ಒಂದೇ ರಕ್ತ, ಎರಡೂ ಪಕ್ಕಕ್ಕೆ ಅದೇ ಹಾರ್ಮೋನು. ಹಾರ್ಮೋನೊಂದೇ ಕಾರಣವಾಗಿದ್ದರೆ ಎರಡು ಪಕ್ಕವೂ ಒಂದೇ ಥರ ಇರಬೇಕಿತ್ತು. ಇರಲಿಲ್ಲ. ಬಲಗಡೆ ಹಾಡಿನ ಭಾಗ ದೊಡ್ಡದಿತ್ತು. ಆದರೆ ಎಡಗಡೆಯದೂ ಸಾಮಾನ್ಯ ಹೆಣ್ಣಿಗಿಂತ ಗಂಡಿನ ಕಡೆಗೆ ವಾಲಿತ್ತು. ಕೋಶದ ಸ್ವಂತ ಜೀನ್‌ಗಳೂ ಕೆಲಸ ಮಾಡಿವೆ, ರಕ್ತದಲ್ಲಿ ಹರಿಯುವ ವಸ್ತುವೂ ಮಾಡಿದೆ, ಒಂದೇ ಹಕ್ಕಿಯಲ್ಲಿ ಎರಡಕ್ಕೂ ಸಾಕ್ಷಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಪುರಾವೆ ಇಲ್ಲ.

ಅದೇ ವರ್ಷ ಇನ್ನೊಂದು ಕೆಲಸವೂ ಬಂತು. ಇಲಿಯ ಭ್ರೂಣಕ್ಕೆ ಹತ್ತೂವರೆ ದಿನ, ವೃಷಣವೋ ಅಂಡಾಶಯವೋ ಅಂತ ಇನ್ನೂ ತೀರ್ಮಾನವೇ ಆಗಿಲ್ಲ, ಆಗಲೇ ಮೆದುಳಿನಲ್ಲಿ 50ಕ್ಕೂ ಹೆಚ್ಚು ಜೀನ್‌ಗಳು ಗಂಡು ಹೆಣ್ಣುಗಳಲ್ಲಿ ಬೇರೆ ಬೇರೆ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದವು.

ಇಲಿಗಳಲ್ಲೇ ಮಾಡಿದ ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿದ್ದು. ಸಾಮಾನ್ಯವಾಗಿ ಹೆಣ್ಣಿಗೆ ಎರಡು ಎಕ್ಸ್ ಕ್ರೋಮೊಸೋಮು (ಎಕ್ಸ್‌ಎಕ್ಸ್), ಗಂಡಿಗೆ ಒಂದು ಎಕ್ಸ್ ಒಂದು ವೈ (ಎಕ್ಸ್‌ವೈ). ಎಸ್‌ಆರ್‌ವೈ ಜೀನನ್ನು ವೈ ಕ್ರೋಮೊಸೋಮಿನಿಂದ ತೆಗೆದು ಬೇರೆ ಕ್ರೋಮೊಸೋಮಿಗೆ ಸೇರಿಸಿದರು. ಆಗ ನಾಲ್ಕು ಬಗೆಯ ಇಲಿಗಳು ಹುಟ್ಟುತ್ತವೆ: ಎಕ್ಸ್‌ಎಕ್ಸ್ ಇದ್ದು ವೃಷಣ ಇರುವವು, ಎಕ್ಸ್‌ಎಕ್ಸ್ ಇದ್ದು ಅಂಡಾಶಯ ಇರುವವು, ಎಕ್ಸ್‌ವೈ ಇದ್ದು ಎರಡರಲ್ಲಿ ಯಾವುದಾದರೂ ಒಂದು ಇರುವವು. ಈಗ ಯಾವುದು ಹಾರ್ಮೋನಿನಿಂದ, ಯಾವುದು ಕ್ರೋಮೊಸೋಮಿನಿಂದ ಅಂತ ಬೇರೆ ಮಾಡಿ ನೋಡಬಹುದು. ಕೂಡುವ ನಡತೆಯಲ್ಲಿ ಹೆಚ್ಚಿನದು ಹಾರ್ಮೋನಿನ ಕಡೆಗೇ ಬಿತ್ತು. ಮೈಯಲ್ಲಿ ಕೊಬ್ಬು ಸೇರುವುದು, ವಾಸೊಪ್ರೆಸಿನ್ ಅನ್ನುವ ರಾಸಾಯನಿಕ ಬಿಡುವ ಮೆದುಳಿನ ನರಗಳ ದಟ್ಟಣೆ, ಇಂಥವುಗಳಲ್ಲಿ ಕ್ರೋಮೊಸೋಮಿನ ಸ್ವಂತ ಪಾಲೂ ಕಂಡಿತು.

ಮಡಿಕೇರಿ ನರ್ಸ್ ಅಕ್ಕ:
ಮೇಷ್ಟ್ರು ಇಲಿ ಹಕ್ಕಿ ಹೇಳಿದರು, ನಾನು ಮಕ್ಕಳ ವಾರ್ಡಿನ ಮಾತು ಹೇಳುತ್ತೇನೆ. ಮನುಷ್ಯರ ಮೇಲೆ ಪ್ರಯೋಗ ಮಾಡುವ ಹಾಗಿಲ್ಲ, ಆದರೆ ಕೆಲವು ಮಕ್ಕಳು ಹುಟ್ಟಿನಿಂದಲೇ ಬೇರೆ ಹಾರ್ಮೋನು ಮಟ್ಟದಲ್ಲಿ ಬೆಳೆದಿರುತ್ತಾರೆ. ಸಿಎಎಚ್ ಅನ್ನುತ್ತೇವೆ, ಸುಮಾರು 10ರಿಂದ 20 ಸಾವಿರ ಮಕ್ಕಳಲ್ಲಿ ಒಂದು. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವ ಕಡಿಮೆ ಇರುವುದರಿಂದ ಕಾರ್ಟಿಸಾಲ್ ಆಗುವುದಿಲ್ಲ, ಅದರ ಬದಲು ಗಂಡಿನ ಹಾರ್ಮೋನು ಜಾಸ್ತಿಯಾಗುತ್ತದೆ. ಹೆಣ್ಣು ಮಗುವಾಗಿದ್ದರೆ ಹೊಟ್ಟೆಯಲ್ಲೇ ಅದರ ಪರಿಣಾಮ ಆಗಿರುತ್ತದೆ. ಇಂಥ ಹುಡುಗಿಯರನ್ನು ಹಲವು ದೇಶಗಳಲ್ಲಿ ಗಮನಿಸಿದ್ದಾರೆ. ಗೊಂಬೆಗಿಂತ ಗಾಡಿ, ಕಟ್ಟುವ ಆಟಿಕೆಗಳ ಕಡೆ ಒಲವು ಸರಾಸರಿಯಲ್ಲಿ ಜಾಸ್ತಿ. ಆದರೆ ಅವರಲ್ಲಿ ಬಹುಪಾಲು ತಾವು ಹುಡುಗಿಯರು ಅಂತಲೇ ಬೆಳೆಯುತ್ತಾರೆ. ಹಾರ್ಮೋನಿನ ಪಾತ್ರ ಇದೆ, ಅದು ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಇದರ ಇನ್ನೊಂದು ಬದಿ ಎಕ್ಸ್‌ವೈ ಇದ್ದು, ವೃಷಣವೂ ಇದ್ದು, ಟೆಸ್ಟೋಸ್ಟೆರಾನಿಗೆ ದೇಹ ಸ್ವಲ್ಪವೂ ಸ್ಪಂದಿಸದವರು. ಅವರು ಹೊರಗಿನಿಂದ ಹೆಣ್ಣಾಗಿ ಹುಟ್ಟುತ್ತಾರೆ, ಸಾಮಾನ್ಯವಾಗಿ ಹೆಣ್ಣಾಗಿಯೇ ಬೆಳೆಯುತ್ತಾರೆ. ಮುಟ್ಟಾಗಲಿಲ್ಲ ಅಂತ ಬಂದಾಗಲೇ ಎಷ್ಟೋ ಸಲ ಗೊತ್ತಾಗುವುದು. ವೈ ಇದ್ದ ಮಾತ್ರಕ್ಕೆ ಗಂಡಿನ ಮನಸ್ಸು ಬಂದುಬಿಡುವುದಿಲ್ಲ.

ತಾಯಂದಿರಿಗೆ ಒಂದು ಮಾತು. ಸಿಎಎಚ್ ಇರುವ ಗಂಡು ಮಗು ಹುಟ್ಟಿದಾಗ ನೋಡಲು ಏನೂ ವ್ಯತ್ಯಾಸ ಇರುವುದಿಲ್ಲ. ಹೆಚ್ಚಿನವರಲ್ಲಿ ಎರಡು ಮೂರು ವಾರದೊಳಗೆ ವಾಂತಿ, ಹಾಲು ಕುಡಿಯದಿರುವುದು, ತೂಕ ಇಳಿಯುವುದು ಶುರುವಾಗಿ ದೇಹದ ಉಪ್ಪಿನಂಶ ಕುಸಿಯುತ್ತದೆ. ದೃಷ್ಟಿ ತಾಗಿದೆ ಅಂತ ಮನೆಯಲ್ಲೇ ಕೂರಬೇಡಿ, ಓಡಿ ಬನ್ನಿ. ಹುಟ್ಟಿದಾಗಲೇ ಹಿಮ್ಮಡಿಯ ಒಂದು ಹನಿ ರಕ್ತದಿಂದ ಇದನ್ನು ಪತ್ತೆ ಮಾಡಬಹುದು, ಕೇಳಿ ಮಾಡಿಸಿಕೊಳ್ಳಿ.

ಕುಶಾಲನಗರದ ಅಮ್ಮ:
ನರ್ಸ್ ಅಕ್ಕ, ನಿಮ್ಮ ಮಾತು ಓದಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಎರಡೂಕಾಲು ವರ್ಷ. ಅಮ್ಮ, ಬಾ, ಇನ್ನು ಮೂರೋ ನಾಲ್ಕೋ ಮಾತು, ಅಷ್ಟೇ. ಎರಡು ಮಾತು ಜೋಡಿಸುವುದಿಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲರದೂ ಒಂದೇ ಮಾತು: ಗಂಡು ಮಕ್ಕಳ ಮೆದುಳು ನಿಧಾನ, ಅವರ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ಕ್ಲಿನಿಕ್ಕಿನಲ್ಲಿ ಕೂಡ ಹುಡುಗ ಅಲ್ವಾ, ಕಾಯಿರಿ ಅಂದರು. ಹಾರ್ಮೋನಿಂದ ಹಾಗಾಗುತ್ತದೆ ಅಂತ ಇಲ್ಲಿ ಓದಿದರೆ ಅದೂ ನಿಜ ಅನ್ನಿಸುತ್ತದೆ. ಕಾಯಲಾ, ಬೇಡವಾ?

ಮಡಿಕೇರಿ ನರ್ಸ್ ಅಕ್ಕ:
ಕಾಯಬೇಡಮ್ಮ. ಹೆಣ್ಣು ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಮುಂಚೆ ಮಾತಾಡುತ್ತಾರೆ, ನಿಜ. ಆ ಸ್ವಲ್ಪ ಅಂದರೆ ತೀರಾ ಸ್ವಲ್ಪ, ವರ್ಷಗಟ್ಟಲೆ ಅಲ್ಲ. ಎರಡು ವರ್ಷಕ್ಕೆ ಹುಡುಗನಾಗಲಿ ಹುಡುಗಿಯಾಗಲಿ ಎರಡು ಮಾತು ಜೋಡಿಸಬೇಕು. ವಿವರ ಆಮೇಲೆ ಬರೆಯುತ್ತೇನೆ, ಡ್ಯೂಟಿ ಇದೆ.

ಶನಿವಾರಸಂತೆ ರೈತ:
ಎಲ್ಲ ಓದಿದೆ. ಕೊನೆಗೆ ಒಂದು ಮಾತಂತೂ ಸಾಬೀತಾಯಿತು, ಮೆದುಳೇ ಬೇರೆ ಬೇರೆ. ಗಂಡಿನ ಮೆದುಳು ದೊಡ್ಡದು ಅಂತ ಎಲ್ಲ ಕಡೆ ಬರುತ್ತದೆ. ಹಾಗಾದರೆ ಹೆಣ್ಣು ಮಕ್ಕಳನ್ನು ಇಂಜಿನಿಯರಿಂಗ್ ಅಂತ ಒತ್ತಾಯ ಮಾಡಿ ಕಳಿಸುವುದು ಯಾಕೆ? ನನ್ನ ಮಗಳು ಪಿಯುಸಿಯಲ್ಲಿ ಪಿಸಿಎಂಬಿ ಕೇಳುತ್ತಿದ್ದಾಳೆ, ನಾನು ಕಾಮರ್ಸ್ ಅನ್ನುತ್ತಿದ್ದೇನೆ.

ಪೊನ್ನಂಪೇಟೆ ಮೇಷ್ಟ್ರು:
ಅಣ್ಣ, ಇಷ್ಟು ಹೊತ್ತು ಹೇಳಿದ್ದರಿಂದ ಈ ತೀರ್ಮಾನಕ್ಕೆ ಬರಬೇಡಿ. ಗಂಡಿನ ಮೆದುಳು ಸರಾಸರಿ ನೂರಕ್ಕೆ 10ರಷ್ಟು ದೊಡ್ಡದು, ಅದು ಸರಿ. ಗಂಡಿನ ದೇಹವೂ ದೊಡ್ಡದು. ಸರಾಸರಿ ಬುದ್ಧಿಶಕ್ತಿಯಲ್ಲಿ ಅದಕ್ಕೆ ತಕ್ಕ ವ್ಯತ್ಯಾಸ ಕಂಡುಬಂದಿಲ್ಲ. ಎತ್ತರವನ್ನೇ ತೆಗೆದುಕೊಳ್ಳಿ. ಗಂಡಸರು ಸರಾಸರಿಯಲ್ಲಿ ಎತ್ತರ, ಆದರೂ ನಿಮಗಿಂತ ಎತ್ತರದ ಹೆಂಗಸರು ನಮ್ಮ ಸಂತೆಯಲ್ಲೇ ಸಿಗುತ್ತಾರೆ. ಮೆದುಳಿನ ಹೆಚ್ಚಿನ ಅಳತೆಗಳಲ್ಲಿ ವ್ಯತ್ಯಾಸ ಎತ್ತರದಷ್ಟೂ ಇಲ್ಲ. 2015ರಲ್ಲಿ ಇಸ್ರೇಲಿನ ಡಾಫ್ನಾ ಜೋಯಲ್ ಮತ್ತು ಜೊತೆಗಾರರು 1,400ಕ್ಕೂ ಹೆಚ್ಚು ಮೆದುಳುಗಳ ಸ್ಕ್ಯಾನ್ ನೋಡಿದರು. ಎಲ್ಲ ಭಾಗಗಳೂ ಗಂಡಿನ ಕಡೆಗೇ, ಅಥವಾ ಎಲ್ಲವೂ ಹೆಣ್ಣಿನ ಕಡೆಗೇ ಇರುವ ಮೆದುಳು ತೀರಾ ಅಪರೂಪ. ಹೆಚ್ಚಿನವರದ್ದು ಬೆರಕೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಗಂಡೋ ಹೆಣ್ಣೋ ಅಂತ ಕಂಪ್ಯೂಟರ್ ಬಹಳ ಸಲ ಸರಿಯಾಗಿ ಹೇಳುತ್ತದೆ ಅಂತ ಬೇರೆ ವಿಜ್ಞಾನಿಗಳು ವಾದಿಸಿದರು, ಅದೂ ನಿಜ. ಹಾಗಂತ ನಿಮ್ಮ ಮಗಳಿಗೆ ಗಣಿತ ಬರುತ್ತದಾ ಅಂತ ಸ್ಕ್ಯಾನ್ ನೋಡಿ ಯಾರೂ ಹೇಳಲಾರರು. ಅವಳ ಅಂಕಪಟ್ಟಿ ನೋಡಿ, ಅವಳ ಆಸೆ ಕೇಳಿ.

ನಾಪೋಕ್ಲು ಹಾಕಿ ಕೋಚ್:
ಮೇಷ್ಟ್ರ ಮಾತಿಗೆ ನನ್ನದೂ ಒಂದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬ ಹಾಕಿಯಲ್ಲಿ ಹೆಣ್ಣು ಮಕ್ಕಳೂ ಮನೆಯ ಗಂಡಸರ ಜೊತೆ ಅದೇ ತಂಡದಲ್ಲಿ ಇಳಿಯುತ್ತಾರೆ. ಚಿಕ್ಕಂದಿನಿಂದ ಸ್ಟಿಕ್ ಹಿಡಿದ ಹುಡುಗಿಗೆ ಚೆಂಡು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಹತ್ತು ವರ್ಷ ಆದ ಮೇಲೆ ಬಂದ ಹುಡುಗನಿಗೆ ಅದು ಕಲಿಸಿದರೂ ನಿಧಾನ. ನಾನು ದಿನವೂ ಮೈದಾನದಲ್ಲಿ ಕಾಣುವುದು ಅಭ್ಯಾಸದ ವ್ಯತ್ಯಾಸವನ್ನೇ. ಇದಕ್ಕೆ ವಿಜ್ಞಾನ ಏನು ಹೇಳುತ್ತದೆ?

ಪೊನ್ನಂಪೇಟೆ ಮೇಷ್ಟ್ರು:
ನಮ್ಮ ದೇಶದಲ್ಲೇ ನಡೆದ ಅಧ್ಯಯನ ಇದೆ ಕೋಚ್. 2011ರಲ್ಲಿ ಪ್ರಕಟವಾಯಿತು. ಈಶಾನ್ಯದ ಎರಡು ಜನಾಂಗ: ಖಾಸಿಗಳಲ್ಲಿ ಆಸ್ತಿ ತಾಯಿಯಿಂದ ಕಿರಿಯ ಮಗಳಿಗೆ, ಕಾರ್ಬಿಗಳಲ್ಲಿ ಗಂಡು ಮಕ್ಕಳಿಗೆ. ಊರುಗಳು ಹತ್ತಿರ ಹತ್ತಿರ, ಊಟ ಬೇಸಾಯ ಹೆಚ್ಚು ಕಡಿಮೆ ಒಂದೇ. ಎರಡೂ ಕಡೆ ಗಂಡು ಹೆಣ್ಣು ಎಲ್ಲರಿಗೂ ತುಂಡು ಜೋಡಿಸಿ ಚಿತ್ರ ಮಾಡುವ ಆಟ ಕೊಟ್ಟರು. ಕಾರ್ಬಿಗಳಲ್ಲಿ ಗಂಡಸರು ಸಾಕಷ್ಟು ಬೇಗ ಮುಗಿಸಿದರು. ಖಾಸಿಗಳಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹಾರ್ಮೋನು ಎರಡೂ ಕಡೆ ಒಂದೇ ಅಲ್ವಾ? ಬದಲಾದದ್ದು ಶಾಲೆ, ಆಸ್ತಿ, ಮನೆಯಲ್ಲಿ ಹೆಣ್ಣಿನ ಜಾಗ.

ಪ್ರಾಣಿಗಳಲ್ಲೂ ಸಾಕುವ ರೀತಿ ಲೆಕ್ಕಕ್ಕೆ ಬರುತ್ತದೆ. ತಾಯಿ ಇಲಿ ಗಂಡು ಮರಿಗಳನ್ನು ಹೆಣ್ಣು ಮರಿಗಳಿಗಿಂತ ಜಾಸ್ತಿ ನೆಕ್ಕುತ್ತದೆ. ಗಂಡು ಮರಿಯ ವಾಸನೆಯೇ ಅದಕ್ಕೆ ಕಾರಣ, ಆ ವಾಸನೆ ಹಾರ್ಮೋನಿನಿಂದ. ಆ ನೆಕ್ಕುವಿಕೆ ಕಡಿಮೆ ಆದರೆ ಗಂಡು ಮರಿಯ ಬೆನ್ನುಹುರಿಯ ಕೆಲವು ನರಕೋಶಗಳೇ ಕಡಿಮೆಯಾಗುತ್ತವೆ. ಹಾರ್ಮೋನು ತಾಯಿಯ ನಡತೆ ಬದಲಿಸಿತು, ತಾಯಿಯ ನಡತೆ ಮರಿಯ ನರಗಳನ್ನು ಬದಲಿಸಿತು. ಇದರಲ್ಲಿ ಹಾರ್ಮೋನಿನ ಪಾಲು ಇಷ್ಟು, ಸಾಕುವಿಕೆಯ ಪಾಲು ಇಷ್ಟು ಅಂತ ಕತ್ತರಿಸಿ ಕೊಡಲು ಬರುವುದಿಲ್ಲ. ಹೈನುಗಾರರ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇದೇ.

ಸುಂಟಿಕೊಪ್ಪ ಹೈನುಗಾರ:
ತುಂಬಾ ಉಪಕಾರವಾಯಿತು ಮೇಷ್ಟ್ರೇ. ಒಂದೇ ಒಂದು ಅನುಮಾನ. ಹುಟ್ಟುವ ಮೊದಲು ಒಮ್ಮೆ ಹಾರ್ಮೋನು ಬಂತು ಅಂದಿರಿ. ಮಕ್ಕಳು ದೊಡ್ಡವರಾಗುವಾಗ ಮತ್ತೆ ಬರುತ್ತದಲ್ಲ, ಆಗ ಮೆದುಳು ಬದಲಾಗುವುದಿಲ್ಲವಾ?

ಪೊನ್ನಂಪೇಟೆ ಮೇಷ್ಟ್ರು:
ಬದಲಾಗುತ್ತದೆ. ಗಂಡು ಮಕ್ಕಳಲ್ಲಿ ಟೆಸ್ಟೋಸ್ಟೆರಾನ್ ಮೂರು ಸಲ ಏರುತ್ತದೆ. ಗರ್ಭದ ಎರಡನೇ ತಿಂಗಳ ಹೊತ್ತಿಗೆ ಶುರುವಾಗಿ ನಾಲ್ಕನೇ ತಿಂಗಳವರೆಗೆ ಜೋರು. ಹುಟ್ಟಿದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ಇನ್ನೊಮ್ಮೆ. ಆಮೇಲೆ ಹದಿಹರೆಯದಲ್ಲಿ. ಹದಿಹರೆಯದಲ್ಲಿ ಬರುವುದು ಬರೀ ಎಬ್ಬಿಸುವ ಕೆಲಸ ಅಂತ ಮೊದಲು ಅಂದುಕೊಂಡಿದ್ದರು. ಆಗಲೂ ಕಟ್ಟಣೆಯ ಕೆಲಸ ನಡೆಯುತ್ತದೆ ಅಂತ ಹ್ಯಾಮ್‌ಸ್ಟರ್‌ಗಳಲ್ಲಿ ತೋರಿಸಿದ್ದಾರೆ. ಮಕ್ಕಳ ಸ್ಕ್ಯಾನ್‌ಗಳ ಒಂದು ದೊಡ್ಡ ಅಧ್ಯಯನದಲ್ಲಿ ಮೆದುಳಿನ ಗಾತ್ರ ತುದಿ ಮುಟ್ಟಿದ್ದು ಹುಡುಗಿಯರಲ್ಲಿ ಸುಮಾರು 10.5 ವರ್ಷಕ್ಕೆ, ಹುಡುಗರಲ್ಲಿ 14.5ಕ್ಕೆ. ಇದು ಬೆಳವಣಿಗೆಯ ಸಮಯದ ವ್ಯತ್ಯಾಸ, ಬುದ್ಧಿಯ ವ್ಯತ್ಯಾಸ ಅಲ್ಲ. ಖಿನ್ನತೆ ಹೆಣ್ಣು ಮಕ್ಕಳಲ್ಲಿ ಸುಮಾರು ಎರಡು ಪಟ್ಟು ಆಗುವುದು ಈ ವಯಸ್ಸು ದಾಟಿದ ಮೇಲೆಯೇ. ಮನೆಯಲ್ಲಿ ಹದಿಮೂರು ಹದಿನಾಲ್ಕರ ಹುಡುಗಿ ಸುಮ್ಮನಾಗಿಬಿಟ್ಟರೆ ವಯಸ್ಸಿನ ಕೊಬ್ಬು ಅನ್ನಬೇಡಿ, ಕೂರಿಸಿಕೊಂಡು ಮಾತಾಡಿಸಿ.

ಮಡಿಕೇರಿ ನರ್ಸ್ ಅಕ್ಕ:
ಕುಶಾಲನಗರದ ಅಮ್ಮನಿಗೆ. ಡ್ಯೂಟಿ ಮುಗಿಯಿತು, ಈಗ ಬರೆಯುತ್ತೇನೆ.

ಮೊದಲು ಕಿವಿ ಪರೀಕ್ಷೆ. ಬಾಗಿಲು ಬಡಿದರೆ ತಿರುಗುತ್ತಾನೆ, ಹಾಗಾಗಿ ಕೇಳಿಸುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲವು ಸ್ವರ ಕೇಳಿಸಿ ಕೆಲವು ಕೇಳಿಸದ ಮಕ್ಕಳಿದ್ದಾರೆ. ಹೆಸರು ಕರೆದರೆ ನೋಡುತ್ತಾನಾ, ಬೇಕಾದದ್ದನ್ನು ಬೆರಳು ತೋರಿಸಿ ಕೇಳುತ್ತಾನಾ, ನೀವು ನಕ್ಕರೆ ನಗುತ್ತಾನಾ, ಇವನ್ನೂ ಬರೆದಿಟ್ಟುಕೊಂಡು ಹೋಗಿ. ಆಟಿಸಂ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ ಪತ್ತೆಯಾಗುತ್ತದೆ. ಹುಡುಗಿಯರಲ್ಲಿ ಇಲ್ಲ ಅಂತಲ್ಲ, ಸೌಮ್ಯ ಹುಡುಗಿ, ನಾಚಿಕೆ ಜಾಸ್ತಿ ಅಂತ ಬಿಟ್ಟುಬಿಡುವುದರಿಂದ ತಡವಾಗಿ ಗೊತ್ತಾಗುತ್ತದೆ.

ಮೇಷ್ಟ್ರು ಹೇಳಿದ ಕ್ರೋಮೊಸೋಮಿನ ಮಾತು ಇಲ್ಲೂ ಬರುತ್ತದೆ. ಮೆದುಳಿಗೆ ಬೇಕಾದ ಬಹಳ ಜೀನ್‌ಗಳು ಎಕ್ಸ್ ಮೇಲಿವೆ. ಹುಡುಗಿಗೆ ಎರಡು ಎಕ್ಸ್, ಒಂದರಲ್ಲಿ ದೋಷ ಇದ್ದರೆ ಇನ್ನೊಂದು ಸ್ವಲ್ಪವಾದರೂ ತಡೆಯುತ್ತದೆ. ಹುಡುಗನಿಗೆ ಒಂದೇ. ಬುದ್ಧಿ, ಮಾತಿನ ಬೆಳವಣಿಗೆ ಹಿಂದೆ ಬೀಳುವ ಫ್ರಜೈಲ್ ಎಕ್ಸ್ ಅನ್ನುವ ತೊಂದರೆ ಹುಡುಗರಲ್ಲಿ ಜೋರಾಗಿ ಕಾಣುವುದು ಇದೇ ಕಾರಣಕ್ಕೆ, ಅದರಲ್ಲಿ ಹಾರ್ಮೋನಿನದ್ದೇನೂ ಇಲ್ಲ. ನಿಮ್ಮ ಮಗನಿಗೆ ಅದಿದೆ ಅಂತ ಹೇಳುತ್ತಿಲ್ಲ. ಹುಡುಗ ಅನ್ನುವುದು ಕಾಯಲು ಕಾರಣವಲ್ಲ, ಬೇಗ ತೋರಿಸಲು ಕಾರಣ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅಂದರೆ ಎಲ್ಲರಿಗೂ ಗೊತ್ತು. ಕುಶಾಲನಗರದಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ, ನೋಂದಣಿಗೆ ಜನ ಇರುತ್ತಾರೆ. ಮಗುವಿನ ತಾಯಿ ಕಾರ್ಡ್, ಹುಟ್ಟಿದಾಗಿನ ಆಸ್ಪತ್ರೆ ಕಾಗದ ತೆಗೆದುಕೊಂಡು ಹೋಗಿ. ಮಗು ಮಲಗಿದಾಗ ಮಾಡುವ ಕಿವಿ ಪರೀಕ್ಷೆ ಇರಬಹುದು, ಆದ್ದರಿಂದ ಬಸ್ಸಿನಲ್ಲಿ ಪೂರ್ತಿ ನಿದ್ದೆ ಮಾಡಿಸಬೇಡಿ.

ಕುಶಾಲನಗರದ ಅಮ್ಮ:
ಸೋಮವಾರ ಹೊರಡುತ್ತೇವೆ ಅಕ್ಕ. ಇವರಿಗೂ ಇದನ್ನೆಲ್ಲ ಓದಿಸಿದೆ, ರಜೆ ಹಾಕುತ್ತೇನೆ ಅಂದರು.